ಸೈನ್ಯದ ಒಲೆಯ ಮೈಲೋ

ನೆಬ್ರಾಸ್ಕಾದ ಸ್ಲಾವಿನ್‌ನಲ್ಲಿ ಮೈಲೋ ಹಾವ್ರಾನೆಕ್ ಯಾರೆಂದು ಕೇಳಿದರೆ ಅರ್ಧ ಊರು ಶಾಲಾ ಬಸ್ಸುಗಳ ಮೆಕ್ಯಾನಿಕ್ ಎನ್ನುತ್ತದೆ, ಇನ್ನರ್ಧ ಊರು ಸೈನ್ಯಕ್ಕೆ ಸೇರದೆಯೇ ಸಾರ್ಜೆಂಟ್ ಆದವನು ಎನ್ನುತ್ತದೆ. ಎರಡೂ ಸುಳ್ಳಲ್ಲ. ವಾರದ ಐದು ದಿನ ಅವನು ಹಳದಿ ಬಸ್ಸುಗಳ ಕೆಳಗೆ ಅಂಗಾತ ಮಲಗಿ ಗ್ರೀಸು ಮೆತ್ತಿಕೊಂಡಿರುತ್ತಾನೆ. ಶನಿವಾರ ಬಂತೆಂದರೆ ಸ್ನಾನ ಮಾಡಿ, ಎಪ್ಪತ್ತು ವರ್ಷ ಹಳೆಯ ಉಣ್ಣೆಯ ಪ್ಯಾಂಟು ಏರಿಸಿ, ಕಿವಿ ಮುಚ್ಚುವ ತುಪ್ಪಳದ ಟೋಪಿ ಇಟ್ಟುಕೊಂಡು ಕೊರಿಯಾ ಯುದ್ಧದ ಕಾಲಕ್ಕೆ ಹೊರಟುಬಿಡುತ್ತಾನೆ. ಆ ಪ್ಯಾಂಟು ಹೊಲಿದದ್ದು ಇಪ್ಪತ್ತರ ಹುಡುಗರಿಗೆ, ಮೈಲೋಗೆ ಐವತ್ತೆಂಟು. ಹಾಗಾಗಿ ಗುಂಡಿ ಹಾಕಲು ಹೆಂಡತಿ ಆರ್ಲಿಸ್ ಬರಬೇಕು.

"ಉಸಿರು ಒಳಗೆ ಎಳ್ಕೊ," ಎನ್ನುತ್ತಾಳೆ ಆರ್ಲಿಸ್. "ಇನ್ನೂ ಎಳ್ಕೊ. ಈ ಗುಂಡಿ ಕಿತ್ಕೊಂಡು ಹಾರಿದ್ರೆ ಯಾರ್ದಾದ್ರೂ ಕಣ್ಣು ಹೋಗುತ್ತೆ. ಯುದ್ಧದಲ್ಲಿ ಆಗದ ಅನಾಹುತ ನಮ್ಮ ಪಾರ್ಕಲ್ಲಿ ಆಗುತ್ತೆ."

ಹದಿನೆಂಟು ತುಂಬಿದ ವಾರವೇ ಅವನು ನಿಜವಾದ ಸೈನ್ಯಕ್ಕೆ ಸೇರಲು ಹೋಗಿದ್ದ. ಚಿಕ್ಕಂದಿನಲ್ಲಿ ಬಂದ ಜ್ವರ ಅವನ ಎಡಗಿವಿಯನ್ನು ತಿಂದುಹಾಕಿತ್ತು. ಡಾಕ್ಟರು ಎಡಗಡೆ ನಿಂತು ಏನೋ ಪಿಸುಗುಟ್ಟಿದರು, ಮೈಲೋ ಎದುರಿನ ಗೋಡೆ ನೋಡುತ್ತಾ ನಿಂತ, ಅಲ್ಲಿಗೆ ಅವನ ಸೈನ್ಯದ ಉದ್ಯೋಗ ಮುಗಿಯಿತು. ಸಂಜೆಯ ಬಸ್ಸಿಗೇ ಊರಿಗೆ ವಾಪಸ್ಸಾದ. ಅವನ ಮನೆಯಲ್ಲಿ ಅಜ್ಜ ಯುದ್ಧಕ್ಕೆ ಹೋಗಿದ್ದವರು, ಚಿಕ್ಕಪ್ಪ ಹೋಗಿದ್ದವರು, ಅಣ್ಣ ನೌಕಾಪಡೆಯಲ್ಲಿದ್ದವನು. ಇವನೊಬ್ಬ ಕಿವಿ ಹಿಡಿದುಕೊಂಡು ಹಿಂದಿರುಗಿದವನು. ಆ ಅವಮಾನವನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ; ಊರಿಗೆಲ್ಲ ಗೊತ್ತಿತ್ತು, ಅಷ್ಟೆ.

ನಲವತ್ತು ದಾಟಿದ ಮೇಲೆ ಅವನಿಗೆ ತನ್ನಂಥವರು ಸಿಕ್ಕಿದರು. ಹಳೆಯ ಯುದ್ಧದ ಉಡುಪು ತೊಟ್ಟು, ಊರೂರ ಸಮಾರಂಭಗಳಲ್ಲಿ ಡೇರೆ ಹಾಕಿ, ಮಾಜಿ ಯೋಧರಿಗೆ ಸಲಾಮು ಹೊಡೆಯುವ ಏಳು ಜನರ ತಂಡ. ಸಂಬಳವಿಲ್ಲ, ಭತ್ಯೆಯಿಲ್ಲ, ಬೇಸಿಗೆಯಲ್ಲಿ ಬೆವರು, ಚಳಿಗಾಲದಲ್ಲಿ ನೆಗಡಿ. ತಂಡದಲ್ಲಿ ಔಷಧಿ ಅಂಗಡಿಯ ವೆಂಡೆಲ್ ಎಂಬವನಿದ್ದ. ಅವನದು ಒಂದೇ ಕಾನೂನು: ಕೊರಿಯಾ ಯುದ್ಧ ನಿಂತದ್ದು ಐವತ್ತಮೂರರ ಜುಲೈನಲ್ಲಿ, ಆದ್ದರಿಂದ ಆ ಜುಲೈ ನಂತರ ತಯಾರಾದ ಯಾವ ವಸ್ತುವೂ ಡೇರೆಯೊಳಗೆ ಕಾಲಿಡಕೂಡದು. ಮೊಬೈಲು ಕೂಡದು, ಕೈಗಡಿಯಾರ ಕೂಡದು, ಪ್ಲಾಸ್ಟಿಕ್ಕಿನ ಹೆಸರೆತ್ತಕೂಡದು. ಒಮ್ಮೆ ಒಬ್ಬನ ಬೂಟಿನ ಲಾಡಿ ಪಾಲಿಯೆಸ್ಟರಿನದೆಂದು ಪತ್ತೆ ಹಚ್ಚಿ, ಮೆರವಣಿಗೆಯ ಮಧ್ಯದಲ್ಲೇ ಅದನ್ನು ಬಿಚ್ಚಿಸಿದ್ದ. ಆ ಮಹಾನುಭಾವ ಉಳಿದ ದಾರಿಯನ್ನು ಕಾಲೆಳೆದುಕೊಂಡೇ ನಡೆದ. ಇದನ್ನೆಲ್ಲ ಹುಚ್ಚು ಎಂದು ಆರ್ಲಿಸ್ ಹೇಳುತ್ತಾಳೆ. ಮೈಲೋ ಅದನ್ನು ಶ್ರದ್ಧೆ ಎನ್ನುತ್ತಾನೆ.

ಒಲೆ ಬಂದದ್ದು ಆಕಸ್ಮಿಕವಾಗಿ. ಒಂದು ತೋಟದ ಮನೆಯ ಹರಾಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ತರುತ್ತೇನೆಂದು ಹೋದವನು, ಕೋಳಿಗೂಡಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಸೈನ್ಯದ ಅಡುಗೆ ಒಲೆಯನ್ನು ಟ್ರಕ್ಕಿಗೆ ಏರಿಸಿಕೊಂಡು ಬಂದ. ಪೆಟ್ರೋಲಿನಿಂದ ಉರಿಯುವ ಒಲೆ, ಬೀರುವಿನಷ್ಟು ದೊಡ್ಡದು. ಎರಡು ಚಳಿಗಾಲ ಕೂತು ಅದನ್ನು ಬಿಚ್ಚಿ, ಉಜ್ಜಿ, ಜೋಡಿಸಿದ. ಬಸ್ಸಿನ ಎಂಜಿನ್ನಿಗೆ ಜೀವ ಕೊಡುವ ಕೈ. ಒಲೆ ಭುಸ್ಸೆಂದು ಹತ್ತಿಕೊಂಡಿತು. ಆರ್ಲಿಸಳ ಹುಲ್ಲು ಮಾತ್ರ ಮೊಣಕಾಲೆತ್ತರ ಬೆಳೆಯಿತು.

ಆ ಒಲೆಯಿಂದ ಮೈಲೋಗೆ ಒಂದು ವಿಷಯ ಗೊತ್ತಾಯಿತು. ಬಂದೂಕು, ಜೀಪು, ಡೇರೆಗಳನ್ನು ನೋಡಿ ಮಕ್ಕಳು ಕುಣಿಯುತ್ತಿದ್ದರು. ಮುದುಕರು ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಒಲೆಯ ಮುಂದೆ ಬಂದರೆ ಮಾತ್ರ ನಿಲ್ಲುತ್ತಿದ್ದರು. ನಿಂತು ಬೈಯುತ್ತಿದ್ದರು. ಆ ಕಾಫಿ ಕುಡಿದು ಹಲ್ಲು ಕಪ್ಪಾಗಿತ್ತೆಂದು, ಆ ಮೊಟ್ಟೆಪುಡಿಯನ್ನು ನಾಯಿಯೂ ಮೂಸುತ್ತಿರಲಿಲ್ಲವೆಂದು ಒಬ್ಬರಾದ ಮೇಲೆ ಒಬ್ಬರು ಶುರುಮಾಡುತ್ತಿದ್ದರು. ಬೈಯುತ್ತ ಬೈಯುತ್ತ ಮುಖ ಅರಳುತ್ತಿತ್ತು, ಜೊತೆಗಿದ್ದವರ ಹೆಸರು ನೆನಪಾಗುತ್ತಿತ್ತು. ಅಂದಿನಿಂದ ಮೈಲೋ ಬಂದೂಕು ಕೆಳಗಿಟ್ಟು ಸೌಟು ಹಿಡಿದ. ಬೈಸಿಕೊಳ್ಳುವುದರಲ್ಲಿ ಅವನಷ್ಟು ಸುಖಪಟ್ಟವನು ನೆಬ್ರಾಸ್ಕಾದಲ್ಲಿ ಇನ್ನೊಬ್ಬನಿಲ್ಲ.

ಬೈಯಲು ಬಾರದವನೆಂದರೆ ಲ್ಯಾಡ್ ವೆಸೆಲಿ ಒಬ್ಬನೇ. ಊರಿನಿಂದ ಕೊರಿಯಾಕ್ಕೆ ಹೋದವರು ಹನ್ನೊಂದು ಜನ. ವರ್ಷಕ್ಕೊಬ್ಬರಂತೆ ಕಳೆದು, ಈಗ ಉಳಿದವನು ತೊಂಬತ್ತಮೂರರ ಲ್ಯಾಡ್ ಮಾತ್ರ. ಅವನ ಮನೆ ಪಾರ್ಕಿನ ಎದುರಿಗೇ ಇತ್ತು, ನಡುವೆ ಒಂದು ರಸ್ತೆ. ಪ್ರತಿ ನವೆಂಬರ್ ಹನ್ನೊಂದಕ್ಕೆ, ಮಾಜಿ ಯೋಧರ ದಿನದಂದು, ಪಾರ್ಕಿನಲ್ಲಿ ಶಾಲೆಯ ವಾದ್ಯದವರು ಒಂದೊಂದು ಪಡೆಯ ಹಾಡನ್ನೂ ನುಡಿಸುತ್ತಾರೆ. ಯಾವ ಪಡೆಯ ಹಾಡು ಬಂತೋ ಆ ಪಡೆಯಲ್ಲಿ ದುಡಿದವರು ಎದ್ದು ನಿಲ್ಲಬೇಕು, ಊರು ಚಪ್ಪಾಳೆ ತಟ್ಟಬೇಕು. ಊರುಗೋಲಿನವರೂ ಏಳುತ್ತಾರೆ, ಗಾಲಿಕುರ್ಚಿಯವರೂ ಕೈಯೆತ್ತುತ್ತಾರೆ. ಲ್ಯಾಡ್ ಮಾತ್ರ ತನ್ನ ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ, ಭೂಸೇನೆಯ ಹಾಡು ಬಂದಾಗ ಒಳಗೆ ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಆ ಮನುಷ್ಯ ಒಂದೇ ಒಂದು ಸಲ ಆ ಹಾಡಿಗೆ ಎದ್ದು ನಿಂತು ಊರಿನ ಚಪ್ಪಾಳೆ ಪಡೆಯಬೇಕು ಎನ್ನುವುದು ಮೈಲೋಗೆ ಹಟವಾಗಿ ಹಿಡಿದಿತ್ತು. ಆರು ವರ್ಷ ಕರೆದ. ಏಳನೆಯ ವರ್ಷ ಅಕ್ಟೋಬರಿನಲ್ಲಿ, ಆರ್ಲಿಸ್ ಮಾಡಿದ ಗಸಗಸೆಯ ಕೊಲಾಚೆ ಬನ್ನುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮತ್ತೆ ಹೋದ. ಲ್ಯಾಡ್ ಎದ್ದು ಬಂದು ಅವನ ಬಲಗಡೆ ಕೂತ. ಊರಿನಲ್ಲಿ ಆ ಕಿವಿಯ ನೆನಪಿಟ್ಟುಕೊಂಡು ಕೂರುವವರು ಕಡಿಮೆ.

"ಮತ್ತೆ ಬಂದ್ಯಾ?" ಎಂದ ಲ್ಯಾಡ್. "ಬನ್ನು ತಿಂತೀನಿ. ಪಾರ್ಕಿಗೆ ಬರಲ್ಲ."

"ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ, ಲ್ಯಾಡ್. ನೀವು ಸುಮ್ನೆ ಬಂದು ಕೂತ್ಕೊಳ್ಳಿ. ಹಾಡು ಬಂದಾಗ ಎದ್ದು ನಿಲ್ಲಿ, ಸಾಕು."

"ಯಾಕೆ ನಿಲ್ಲಲಿ? ನಾನು ಅಡುಗೆಯವನು ಕಣೋ. ಆಲೂಗಡ್ಡೆ ಸುಲಿದೆ, ಪಾತ್ರೆ ತಿಕ್ಕಿದೆ. ಒಂದು ಗುಂಡು ಹಾರಿಸ್ಲಿಲ್ಲ. ಗುಂಡು ತಿಂದವರು ಚಪ್ಪಾಳೆ ತಗೊಳ್ಳಲಿ."

"ಅವರ್ಯಾರೂ ಈಗ ಇಲ್ಲ. ನೀವೊಬ್ರೇ ಇರೋದು."

"ಹಾಗಂತ ಅವರ ಪಾಲೂ ನಾನೇ ತಿನ್ನಕ್ಕಾಗುತ್ತಾ?" ಮುದುಕ ಇನ್ನೊಂದು ಬನ್ನು ತೆಗೆದುಕೊಂಡ. "ಆರ್ಲಿಸ್‌ಗೆ ಹೇಳು, ಗಸಗಸೆ ಚೆನ್ನಾಗಿ ಅರೆದಿದ್ದಾಳೆ. ಆ ವೇಷ ಹಾಕ್ಕೊಂಡು ನನ್ನ ಮನೆ ಮುಂದೆ ಮಾತ್ರ ಸುಳೀಬೇಡ. ನಿನ್ನ ಹೊಟ್ಟೆ ನೋಡಿದ್ರೆ ಸೈನ್ಯದಲ್ಲಿ ಊಟ ಚೆನ್ನಾಗಿತ್ತು ಅಂತ ಜನ ತಪ್ಪು ತಿಳ್ಕೋತಾರೆ."

ಮೈಲೋ ಖಾಲಿ ತಟ್ಟೆ ಹಿಡಿದು ಮನೆಗೆ ಬಂದ. ಮುಂದಿನ ವರ್ಷ ಕರೆಯಲು ಲ್ಯಾಡ್ ಇರುತ್ತಾನೋ ಇಲ್ಲವೋ ಯಾರು ಬಲ್ಲರು? ಆ ರಾತ್ರಿ ಅವನು ಅನ್ನ ನೀರು ಬಿಟ್ಟವನಂತೆ ಇದ್ದನೆಂದು ಆರ್ಲಿಸ್ ಎಲ್ಲರ ಹತ್ತಿರ ಹೇಳಿಕೊಂಡಳು. ಎರಡು ತಟ್ಟೆ ಮಾಂಸ ತಿಂದಿದ್ದ ಎನ್ನುವುದನ್ನೂ ಅವಳೇ ಹೇಳಿದಳು.

ನವೆಂಬರ್ ಹನ್ನೊಂದು ಬಂತು. ಆಕಾಶ ತೊಳೆದಿಟ್ಟಂತಿತ್ತು, ಗಾಳಿ ಮೂಗು ಕತ್ತರಿಸುತ್ತಿತ್ತು. ತಂಡದವರು ಬೆಳಕು ಹರಿಯುವಾಗಲೇ ಪಾರ್ಕಿಗೆ ಬಂದು ಡೇರೆ ಹಾಕಿದರು. ಈ ಸಲದ ಅಡುಗೆ ಸಿಪಾಯಿಗಳೆಲ್ಲ ಶಾಪ ಹಾಕಿಕೊಂಡೇ ತಿಂದದ್ದು: ಹಾಲು, ಹಿಟ್ಟು, ಕೈಮಾ ಸೇರಿಸಿ ದಪ್ಪಗೆ ಕುದಿಸಿದ ಬಿಳಿ ಗ್ರೇವಿ, ಅದನ್ನು ಸುಟ್ಟ ಬ್ರೆಡ್ಡಿನ ಮೇಲೆ ಸುರಿಯುವುದು. ಸಿಪಾಯಿಗಳು ಅದಕ್ಕೆ ಇಟ್ಟ ಹೆಸರನ್ನು ಹೆಂಗಸರು ಮಕ್ಕಳ ಮುಂದೆ ಹೇಳುವಂತಿಲ್ಲ. ಕಳೆದ ವರ್ಷ ನೂರಿಪ್ಪತ್ತು ಜನ ಬಂದಿದ್ದರು. ಮೈಲೋ ಸೈನ್ಯದ ಅಡುಗೆ ಪುಸ್ತಕ ತೆರೆದು ನೂರ ಅರವತ್ತು ಜನಕ್ಕೆ ಅಳೆದು ಸುರಿದ.

ಗ್ರೇವಿ ಕುದಿಗೆ ಬಂದಾಗ ವೆಂಡೆಲ್ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ಮೈಲೋನ ಕೈಯಲ್ಲಿದ್ದ ಸೌಟಿನ ಹಿಡಿಯ ಮೇಲೆ ಬಿತ್ತು.

"ಒಂದ್ನಿಮಿಷ. ಅದರ ಮೇಲೆ ಇಸವಿ ಏನಿದೆ?"

ಮೈಲೋ ಹಿಡಿಯನ್ನು ಒರೆಸಿ ನೋಡಿದ. ಕಡೆಯ ಅಂಕಿ ಸವೆದಿತ್ತು. "ಐವತ್ತೊಂದು," ಎಂದ.

"ಐವತ್ತೊಂದಲ್ಲ, ಐವತ್ತಾರು. ಆ ಡೊಂಕು ನೋಡು."

"ಅದು ಡೊಂಕಲ್ಲ, ಗೀರು."

"ಐವತ್ತಾರರ ಸೌಟು ಹಿಡ್ಕೊಂಡು ಐವತ್ತೊಂದರ ಗ್ರೇವಿ ತಿರುಗಿಸ್ತಾ ಇದ್ದೀಯಾ? ಯೋಧರ ಮುಂದೆ? ನಾಚಿಕೆ ಆಗಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಹೋಗಯ್ಯಾ ಎಂದು ಸೌಟು ಆಡಿಸುತ್ತಿದ್ದರು. ಮೈಲೋ ಸೌಟನ್ನು ಹೊರಗೆ ತೆಗೆದ. ಭೂತಗನ್ನಡಿ ಬಂತು. ಏಳು ಜನವೂ ಡೇರೆಯ ಬಾಗಿಲಿನ ಬಿಸಿಲಿಗೆ ಬಂದು ತಲೆಗೆ ತಲೆ ಕೊಟ್ಟು ನಿಂತರು. ನಾಲ್ವರು ಐವತ್ತಾರು ಎಂದರು, ಮೂವರು ಐವತ್ತೊಂದು ಎಂದರು, ಒಬ್ಬ ಪಕ್ಷ ಬದಲಾಯಿಸಿದ. ಟ್ರಕ್ಕಿನಲ್ಲಿರುವ ಮರದ ಹುಟ್ಟು ತರಲು ಒಬ್ಬನನ್ನು ಓಡಿಸಿದರು. ಒಲೆ ಇದ್ದದ್ದು ಮೈಲೋನ ಎಡಗಡೆ. ಗ್ರೇವಿ ಗುಳುಗುಳು ನಿಲ್ಲಿಸಿ ಡಬ್ ಡಬ್ ಎನ್ನತೊಡಗಿದ್ದು ಅವನಿಗೆ ಕೇಳಿಸಲಿಲ್ಲ. ಮಿಕ್ಕವರಿಗೆ ಕೇಳಿಸಿತ್ತೋ ಏನೋ, ಅವರಿಗೆಲ್ಲ ಇಸವಿಯದೇ ಧ್ಯಾನ.

ಸೀದ ವಾಸನೆ ಡೇರೆ ದಾಟಿತು, ಪಾರ್ಕು ದಾಟಿತು, ರಸ್ತೆ ದಾಟಿ ಲ್ಯಾಡ್ ವೆಸೆಲಿಯ ಜಗಲಿ ಹತ್ತಿತು.

ಜನ ಆಗಲೇ ಬಂದು ಕುರ್ಚಿಗಳಲ್ಲಿ ಕೂರುತ್ತಿದ್ದರು. ಅವರೆಲ್ಲ ನೋಡುತ್ತಿದ್ದಂತೆ ಮುದುಕ ಮನೆಯ ಚಪ್ಪಲಿಯಲ್ಲೇ, ಊರುಗೋಲನ್ನು ಊರುವುದಕ್ಕಿಂತ ಹೆಚ್ಚಾಗಿ ಬೀಸುತ್ತಾ, ರಸ್ತೆಗೆ ಅಡ್ಡಲಾಗಿ ಬಂದ. ಒಂದು ಕಾರು ಗಕ್ಕನೆ ನಿಂತಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ತಳ ಹಿಡೀತಾ ಇದೆ! ಯಾರೋ ಅವನು ಅಡುಗೆಯವನು? ತಳ ಹಿಡೀತಾ ಇದೆ ಕಣ್ರೋ!"

ಮೈಲೋ ಬೆಚ್ಚಿ ತಿರುಗಿದ. ಪಾತ್ರೆಯಿಂದ ಕಂದು ಹೊಗೆ ಏಳುತ್ತಿತ್ತು. ಅವನು ಸೌಟು ಎತ್ತಿಕೊಂಡು ನುಗ್ಗಿದ, ಲ್ಯಾಡ್ ಊರುಗೋಲು ಅಡ್ಡ ಹಿಡಿದ.

"ಮುಟ್ಟಿದ್ರೆ ಕೈ ಮುರೀತೀನಿ! ತಿರುಗಿಸ್ಬೇಡ! ತಳ ಕೆರೆದ್ರೆ ಪೂರ್ತಿ ಪಾತ್ರೆ ಹಾಳು. ಉರಿ ಆರಿಸು. ಇನ್ನೊಂದು ಪಾತ್ರೆ ತಾ. ನೀವಿಬ್ರೂ ಇದನ್ನ ಆ ಕಡೆ ಈ ಕಡೆ ಹಿಡ್ಕೊಳ್ಳಿ. ನಿಧಾನ... ಮೇಲಿನದು ಮಾತ್ರ ಬಗ್ಗಿಸಿ. ಸಾಕು! ತಳದ್ದು ಹಾಗೇ ಬಿಡಿ."

ಏಳು ಜನ ಸಿಪಾಯಿಗಳು ನಿಜವಾಗಿಯೂ ಸಿಪಾಯಿಗಳಾಗಿಬಿಟ್ಟರು. ಒಬ್ಬ ಈರುಳ್ಳಿ ಹೆಚ್ಚಿದ, ಒಬ್ಬ ಹಂದಿಯ ಕೊಬ್ಬು ಕಾಯಿಸಿದ, ಒಬ್ಬ ಮೆಣಸು ಕುಟ್ಟಿದ. ಪುಸ್ತಕದಲ್ಲಿ ಮೆಣಸು ನಾಲ್ಕು ಚಮಚವೇ ಇದೆಯಲ್ಲ ಎಂದು ವೆಂಡೆಲ್ ಬಾಯಿ ಬಿಟ್ಟ.

"ಆ ಪುಸ್ತಕ ಬರೆದವನು ಜನ್ಮದಲ್ಲಿ ಹಸಿದಿರ್ಲಿಲ್ಲ," ಎಂದ ಲ್ಯಾಡ್, ಒಂದು ಹಿಡಿ ಮೆಣಸು ಸುರಿಯುತ್ತಾ. "ಸೌಟು ಎಲ್ಲಿ?"

"ಅದು... ಐವತ್ತಾರರದ್ದೋ ಐವತ್ತೊಂದರದ್ದೋ ಅಂತ ನಾವು..." ಎಂದು ಮೈಲೋ ತೊದಲಿದ.

"ಅದಕ್ಕೇ ತಳ ಹಿಡಿಸಿದ್ರಾ? ಸೌಟಿನ ಜಾತಕ ನೋಡ್ತಾ?" ಎಂದವನೇ ಲ್ಯಾಡ್ ಮತ್ತೆ ಸಣ್ಣ ಉರಿ ಹಚ್ಚಿಸಿ, ಸೌಟು ಕಿತ್ತುಕೊಂಡು ಗ್ರೇವಿ ತಿರುಗಿಸಲು ನಿಂತ. ಎಪ್ಪತ್ತು ವರ್ಷ ಬಿಟ್ಟಿದ್ದ ಕೆಲಸ ಅವನ ತೋಳಿಗೆ ಮರೆತೇ ಹೋಗಿರಲಿಲ್ಲ. ಗ್ರೇವಿ ಮೆಲ್ಲಗೆ ಹದಕ್ಕೆ ಬಂತು. ಮೆಣಸು ಈರುಳ್ಳಿಯ ಘಮ ಸೀದ ವಾಸನೆಯನ್ನು ಮುಚ್ಚಿತು.

ಅಷ್ಟರಲ್ಲಿ ವೇದಿಕೆಯ ಮೇಲೆ ಹಾಡುಗಳು ಶುರುವಾಗಿದ್ದವು. ನೌಕಾಪಡೆಯವರು ಎದ್ದರು, ಕೂತರು. ವಾಯುಪಡೆಯವರು ಎದ್ದರು, ಕೂತರು. ಆಮೇಲೆ ಡೋಲಿನ ಮೇಲೆ ಎರಡು ಪೆಟ್ಟು ಬಿದ್ದು ಭೂಸೇನೆಯ ಹಾಡು ಹೊರಟಿತು. ಕುರ್ಚಿಗಳಿಂದ ಹದಿನೈದಿಪ್ಪತ್ತು ಜನ ಎದ್ದು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರ ಕತ್ತೂ ಅಡುಗೆ ಡೇರೆಯ ಕಡೆ ತಿರುಗಿತು.

ಲ್ಯಾಡ್‌ಗೂ ಗೊತ್ತಾಯಿತು. ಅವನ ಕೈ ನಿಂತಿತು. ಮನೆಯ ಕಡೆ ನೋಡಿದ, ಹತ್ತಿರದ ಪೆಟ್ಟಿಗೆಯ ಕಡೆ ನೋಡಿದ, ಅದರ ಮೇಲೆ ಕೂರಲು ಮೊಣಕಾಲು ಬಗ್ಗಿಸಿದ. ಮೈಲೋ ಉಸಿರು ಬಿಗಿಹಿಡಿದ; ಆ ಹೊತ್ತಿಗೆ ಗುಂಡಿ ಹಾಕಲು ಆರ್ಲಿಸ್ ಬೇಕಾಗುತ್ತಿರಲಿಲ್ಲ. ಪಾತ್ರೆ ಡಬ್ ಎಂದಿತು.

"ಹಾಳಾಗ್ಲಿ, ಈಗ ಬಿಟ್ರೆ ಮತ್ತೆ ಹತ್ತುತ್ತೆ," ಎಂದು ಗೊಣಗಿ ಲ್ಯಾಡ್ ನೆಟ್ಟಗಾದ. ಹಾಡು ಮುಗಿಯುವವರೆಗೂ ನಿಂತು ತಿರುಗಿಸಿದ. ಮೂರನೆಯ ಸಾಲಿನ ಹೊತ್ತಿಗೆ ಸೌಟು ಡೋಲಿನ ತಾಳಕ್ಕೇ ತಿರುಗುತ್ತಿತ್ತು, ಅವನಿಗೆ ಅದು ತಿಳಿದಿತ್ತೋ ಇಲ್ಲವೋ.

ಚಪ್ಪಾಳೆ ಬಿತ್ತು. ಸ್ಲಾವಿನ್‌ನಲ್ಲಿ ಅಂಥ ಚಪ್ಪಾಳೆ ಯಾರಿಗೂ ಬಿದ್ದಿರಲಿಲ್ಲ, ಫುಟ್‌ಬಾಲ್ ಗೆದ್ದ ವರ್ಷವೂ. ಕೈಗವಸು ತೆಗೆದು ತಟ್ಟಿದರು, ಶಿಳ್ಳೆ ಹಾಕಿದರು, ಕುರ್ಚಿಯ ಮೇಲೆ ಹತ್ತಿದರು. ಮೈಲೋ ಅಳುತ್ತಿದ್ದ. ಈರುಳ್ಳಿ ಹೆಚ್ಚಿದವನು ನಾನಲ್ಲವೇ ಎಂದು ವೆಂಡೆಲ್ ಅವನನ್ನು ಕೆಣಕಿದ, ಕೆಣಕಿದವನ ಕಣ್ಣೂ ಒಣಗಿರಲಿಲ್ಲ.

"ಚಪ್ಪಾಳೆ ಸಾಕು!" ಎಂದು ಲ್ಯಾಡ್ ಕೂಗಿದ. "ಆರಿದ್ರೆ ಇದು ಗೋಡೆಗೆ ಬಳಿಯೋಕೂ ಆಗಲ್ಲ. ತಟ್ಟೆ ಹಿಡ್ಕೊಂಡು ಸಾಲಲ್ಲಿ ಬನ್ನಿ!"

ಬಂದರು. ಕೂತಿದ್ದವರಷ್ಟೇ ಅಲ್ಲ, ಚಪ್ಪಾಳೆ ಕೇಳಿ ಏನೆಂದು ನೋಡಲು ಬಂದ ಪಕ್ಕದ ಬೀದಿಯವರೂ, ಗಕ್ಕನೆ ನಿಂತ ಕಾರಿನವನೂ ಬಂದರು. ಬಡಿಸಲು ಮೈಲೋಗೆ ಬಿಡದೆ ಲ್ಯಾಡ್ ತಾನೇ ಬಡಿಸಿದ. ಬಡಿಸಿದ ಪ್ರತಿಯೊಬ್ಬರ ಮುಖವನ್ನೂ ಒಂದು ಗಳಿಗೆ ನೋಡುತ್ತಿದ್ದ. ಹಳೆಯ ಯೋಧರು ಒಂದು ತುತ್ತು ಬಾಯಿಗಿಟ್ಟು ಬೈದರು. ಎರಡನೆಯ ಸಲ ಹಾಕಿಸಿಕೊಂಡು ಇನ್ನೂ ಜೋರಾಗಿ ಬೈದರು. ಲ್ಯಾಡ್ ಅವರಿಗೆ ತಿರುಗಿ ಬೈದ. ಬೈಯಲು ಬಾರದವನಲ್ಲ, ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಅಷ್ಟೆ.

ಒಂದು ಗಂಟೆಯಾಗುವಷ್ಟರಲ್ಲಿ ಸೌಟು ಪಾತ್ರೆಯ ತಳಕ್ಕೆ ಬಡಿದು ಠಣ್ ಎಂದಿತು. ಕೊನೆಯ ತಟ್ಟೆ ಒಬ್ಬ ಪುಟ್ಟ ಹುಡುಗಿಗೆ ಹೋಯಿತು. ತಂಡದ ಏಳು ಜನಕ್ಕೆ ಏನೂ ಉಳಿಯಲಿಲ್ಲ. ಮೈಲೋಗೆ ನಾಚಿಕೆಯಾಯಿತು.

"ತಪ್ಪಾಯ್ತು, ಲ್ಯಾಡ್. ಇನ್ನೂ ಮೂವತ್ತು ಜನಕ್ಕೆ ಮಾಡ್ಬೇಕಿತ್ತು. ನಿಮಗೂ ಒಂದು ತುತ್ತು ಉಳೀಲಿಲ್ಲ."

ಲ್ಯಾಡ್ ಪಾತ್ರೆಯನ್ನು ಬಗ್ಗಿಸಿ ಒಳಗೆ ನೋಡಿದ. ಸೌಟಿನಿಂದ ಒಮ್ಮೆ ಕೆರೆದ. ಮತ್ತೆ ನೋಡಿದ. ಆಮೇಲೆ ಪೆಟ್ಟಿಗೆಯ ಮೇಲೆ ಕೂತು ನಗತೊಡಗಿದ. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

"ಏನೂ ಮಿಕ್ಕಿಲ್ಲ," ಎಂದ. ಮೈಲೋನ ತೋಳು ಹಿಡಿದು ಬಲಗಿವಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಅಲ್ಲಿ ನಮ್ಮವರು ನೂರೆಂಬತ್ತು ಜನ. ಬೆಳಿಗ್ಗೆ ತಿಂದು ಗುಡ್ಡ ಹತ್ತೋರು. ಸಂಜೆ ಎಷ್ಟು ಜನ ಇಳೀತಾರೆ ಅಂತ ನನಗೆ ಯಾರೂ ಹೇಳ್ತಿರ್ಲಿಲ್ಲ. ಅದಕ್ಕೆ ಹೋದವರಿಗೆಲ್ಲ ಮಾಡ್ತಿದ್ದೆ. ಕಡಿಮೆ ಮಾಡೋಕೆ ಕೈ ಬರ್ತಿರ್ಲಿಲ್ಲ ಕಣೋ. ಕತ್ತಲಾಗೋವರೆಗೂ ಬಿಸಿ ಇಡ್ತಿದ್ದೆ. ಆಮೇಲೆ ಮಿಕ್ಕಿದ್ದನ್ನ ಗುಂಡಿ ತೋಡಿ ಹೂಳ್ಬೇಕು. ಅದು ನನ್ನ ಕೆಲಸ. ಒಂದು ಸಂಜೆ ಅರವತ್ತು ಊಟ ಹೂತೆ. ಆ ಕೈಗೆ ಚಪ್ಪಾಳೆ ತಗೊಳ್ಳೋಕೆ ಮನಸ್ಸು ಹೇಗೆ ಬರುತ್ತೆ?"

ಮೈಲೋ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅದಕ್ಕೆ ಇನ್ನೂ ಗ್ರೇವಿ ಮೆತ್ತಿತ್ತು.

"ಇವತ್ತು ಸಾಲದೇ ಬಂತು!" ಎಂದ ಲ್ಯಾಡ್. ಅವನ ಮುಖ ಮದುಮಗನ ಹಾಗೆ ಬೆಳಗುತ್ತಿತ್ತು. "ತಿನ್ನೋರು ಜಾಸ್ತಿಯಾಗಿ ಪಾತ್ರೆ ಸಾಲದೇ ಬಂತು! ನಿನಗೆ ಊಟ ಆಯ್ತಾ?"

"ಇಲ್ಲ."

"ಇವರಿಗೆ?"

"ಯಾರಿಗೂ ಇಲ್ಲ."

"ಏಳಿ ಹಾಗಾದ್ರೆ. ಮನೇಲಿ ಮೊಟ್ಟೆ ಇದೆ. ನಿಜವಾದ ಮೊಟ್ಟೆ, ಪುಡಿಯಲ್ಲ."

ಎಲ್ಲರೂ ರಸ್ತೆ ದಾಟಿದರು. ಆ ಮನೆಯಲ್ಲಿ ಮೈಕ್ರೋವೇವ್ ಇದೆ, ಪ್ಲಾಸ್ಟಿಕ್ ಇದೆ, ಉಡುಪಿನಲ್ಲಿ ಒಳಗೆ ಹೋಗಬಹುದೇ ಎಂದು ವೆಂಡೆಲ್ ಮೆಟ್ಟಿಲ ಹತ್ತಿರ ಅನುಮಾನಿಸಿದ. ಮೈಲೋ ಹಿಂದಿನಿಂದ ತಳ್ಳಿದ. ಲ್ಯಾಡ್ ಬಾಣಲೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ತುಪ್ಪಳದ ಟೋಪಿಗಳು ಒಂದೊಂದಾಗಿ ಒಳಗೆ ಬರುವುದನ್ನು ಬೆರಳು ಮಡಿಸಿ ಎಣಿಸಿದ. ಏಳನೆಯವನಾಗಿ ಮೈಲೋ ಬಂದ ಮೇಲೆಯೂ ಒಮ್ಮೆ ರಸ್ತೆಯ ಕಡೆ ಇಣುಕಿ ನೋಡಿದ.

"ಇನ್ನು ಯಾರಾದ್ರೂ ಇದ್ದಾರಾ?"

"ಇಲ್ಲ, ಲ್ಯಾಡ್. ಎಲ್ಲರೂ ಬಂದ್ವಿ."

"ಎಲ್ಲರೂ ಬಂದ್ರಾ," ಎಂದ ಮುದುಕ. ಬಾಗಿಲು ಹಾಕಿ, ಒಲೆ ಹಚ್ಚಿ, ಸರಿಯಾಗಿ ಹದಿನಾಲ್ಕು ಮೊಟ್ಟೆ ಒಡೆದ.